ಸೀಸೆಯ ಮೇಲಿನ ಹೆಸರು

ಸಂತೆಕಲ್ಲೂರಿನ ಆರೋಗ್ಯ ಕಾರ್ಯಕರ್ತ ಬಾಬುಸಾಬನಿಗೆ ಜ್ವರದವರ ಬೆರಳು ಚುಚ್ಚಿ ರಕ್ತ ತೆಗೆಯುವುದು ನೀರು ಕುಡಿದಷ್ಟು ಸಲೀಸು. ಉಣ್ಣಿ ಕಂಡರೆ ಮಾತ್ರ ಮೈ ಜುಮ್ಮೆನ್ನುತ್ತಿತ್ತು! ೧೯೮೯ರಲ್ಲಿ ಅವನ ಪಾಲಿಗೆ ಬಂದದ್ದು ಅದೇ ಕೆಲಸ. ಉಣ್ಣಿಗಳಲ್ಲಿ ಮನುಷ್ಯರಿಗೆ ಜ್ವರ ತರುವ ರೋಗಾಣು ಇದೆಯೋ ಎಂದು ನೋಡಲು ಕುರಿ ಮೈಯಿಂದ ಉಣ್ಣಿ ಕಿತ್ತು, ತಿಂಗಳಿಗೊಂದು ಸೀಸೆ ತುಂಬಿ, ಹಿಡಿದವರ ಹೆಸರು ಬರೆದು ಕಳಿಸಬೇಕು.

ಅವನು ಮಾಡಿದ್ದೇನು? ಕುರಿ ಮೇಯಿಸುವ ಗ್ಯಾನಮ್ಮನ ಮುಂದೆ ಸೀಸೆ ಇಟ್ಟು ಗೋಗರೆದ.

"ಅವ್ವಾ, ಇದು ತುಂಬಲಿಲ್ಲಂದ್ರ ನನ್ನ ನೌಕರಿ ಹೋಗತೈತಿ."

"ಅಷ್ಟಕ್ಕ್ಯಾಕ ಅಳತೀ ತಮ್ಮಾ, ತಾ ಇಲ್ಲಿ."

ಮುದುಕಿ ಬರಿಗೈಲೇ ಕಿತ್ತು ಕಿತ್ತು ಹಾಕಿದಳು. ಇಲಾಖೆಯವರು ಕೊಟ್ಟ ಕೈಗವಸು ಇವನ ಚೀಲದಲ್ಲೇ ಹೊಸದಾಗಿ ಉಳಿಯಿತು. ಚೀಟಿಯ ಮೇಲೆ ಹೆಸರು ಬಾಬುಸಾಬನದು. ಮೂರು ತಿಂಗಳು ಹೀಗೇ ನಡೆಯಿತು. ನಾಚಿಕೆ ಬೇಡವೆ? ನಾಲ್ಕನೆಯ ಸೀಸೆಯನ್ನು ಅವಳ ಕೈಗೇ ಕೊಟ್ಟು ಕಳಿಸಿದ್ದ. ಅವಳು ಮಗ ಮುದುಕಪ್ಪನೊಂದಿಗೆ ಹಿಂಡು ಹೊಡೆದುಕೊಂಡು ಸಿಂಧನೂರಿನಾಚೆ ಕಾಲುವೆ ಕಡೆಯ, ಭತ್ತ ಕೊಯ್ದ ಗದ್ದೆಗಳಿಗೆ ಹೋಗಿದ್ದಳು.

ಅಷ್ಟರಲ್ಲಿ ಲಿಂಗಸುಗೂರಿನಿಂದ ಡಾಕ್ಟರರ ಜೀಪು ಬಂತು. ಅವನು ಕಳಿಸಿದ ಉಣ್ಣಿಯಲ್ಲಿ ರೋಗಾಣು ಸಿಕ್ಕಿತ್ತಂತೆ.

"ಹಿಡದಾಂವ ನೀನ ಹೌದಲ್ಲ? ತೋಳು ತಾ," ಎಂದು ಸೂಜಿ ಚುಚ್ಚಿ ಪರೀಕ್ಷೆಗೆ ರಕ್ತ ತೆಗೆದೇ ಬಿಟ್ಟರು.

ನಿಜ ನುಂಗಿಕೊಂಡು ಬಾಬುಸಾಬ್ ತೋಳು ಚಾಚಿದ್ದ. ಜೀಪು ಹೋದದ್ದೇ ತಡ, ನಿಂತಲ್ಲಿ ನಿಲ್ಲಲಾರ, ಕುಂತಲ್ಲಿ ಕೂರಲಾರ. ಗ್ಯಾನಮ್ಮ ಸತ್ತೇ ಹೋಗಿದ್ದರೆ? ಸೈಕಲ್ ಹತ್ತಿದ. ಮಸ್ಕಿ ದಾಟಿದ, ಸಿಂಧನೂರು ದಾಟಿದ. ಮುಕ್ಕುಂದದಲ್ಲಿ ಕೇಳಿದರೆ, "ನಿನ್ನೆನ ಎದ್ದು ಹೋಗ್ಯಾರ" ಎಂದರು. ಮತ್ತೆ ತುಳಿದ. ವಳಕಮದಿನ್ನಿಯ ಗದ್ದೆಯಲ್ಲಿ ಮುದುಕಪ್ಪ ಸಿಕ್ಕ.

"ಅವ್ವಗ ಐದು ದಿನದಿಂದ ಜ್ವರ ಬಂದಾವ್ರೀ."

ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದ ಗ್ಯಾನಮ್ಮ ಇವನ ದನಿ ಕೇಳಿ ತಲೆದಿಂಬಿನಡಿಯಿಂದ ಸೀಸೆ ತೆಗೆದಳು.

"ತಗೋ ತಮ್ಮಾ, ತುಂಬೈತಿ. ಜ್ವರದಾಗೂ ಬಿಡಲಿಲ್ಲ ನೋಡು. ನಿನ್ನ ನೌಕರಿ ಹೋಗಬಾರದಲ್ಲ."

ಬಾಬುಸಾಬ್ ಬಿಕ್ಕಿ ಬಿಕ್ಕಿ ಅತ್ತ. ಯಾರದೋ ಟ್ರ್ಯಾಕ್ಟರ್ ನಿಲ್ಲಿಸಿ ಅವಳನ್ನು ಸಿಂಧನೂರಿನ ಆಸ್ಪತ್ರೆಗೆ ಒಯ್ದ.

"ಉಣ್ಣಿ ಹಿಡದಾಕಿ ಈಕಿರೀ, ನಾ ಅಲ್ಲ. ಮೊದಲ ಈಕಿ ರಕ್ತ ತಗೋರಿ, ಆಮ್ಯಾಲ ಬೇಕಾದ್ರ ನನ್ನ ನೌಕರಿ ತಗೋರಿ," ಎಂದು ಅಲ್ಲಿನ ಡಾಕ್ಟರರಿಗೆ ಹೇಳಿದ.

ಎರಡನ್ನೂ ತೆಗೆದುಕೊಂಡರು.

ಹನ್ನೆರಡನೆಯ ದಿನ ಗ್ಯಾನಮ್ಮ ಎದ್ದು ಕೂತು ಗಂಜಿ ಕುಡಿದಳು. ಸುದ್ದಿ ಕೇಳಿದವಳೇ ಬಟ್ಟಲು ಕೆಳಗಿಟ್ಟು ಬೈದಳು: "ಹುಚ್ಚಪ್ಪಾ! ನೌಕರಿ ಕಳಕೊಂಡ್ಯಾ? ಹಂಗಾದ್ರ ನಾ ಅಷ್ಟೆಲ್ಲಾ ಕಿತ್ತಿದ್ದು ದಂಡ ಆತಲ್ಲೋ!"