ಹಿಂಬಾಗಿಲ ಹೊರಗೆ ಬಿಟ್ಟ ಶೂ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ವಾದ ಮಾಡುವಷ್ಟು ತಾಳ್ಮೆ ನನಗಿಲ್ಲ. ಇದು ಬೇರೆ ಯಾರಿಗೋ ಅಲ್ಲ, ನನಗೇ ಆದದ್ದು. ಎರಡು ಸಾವಿರದ ದಶಕದಲ್ಲಿ, ಮೆಲ್ಬರ್ನ್‌ನಲ್ಲಿ ಓದುತ್ತಿದ್ದಾಗ.

ಸಂಜೆ ಹೊತ್ತು ಒಂದು ಕ್ಲಿನಿಕ್‌ನಲ್ಲಿ ಕ್ಲೀನಿಂಗ್ ಕೆಲಸ ಮಾಡುತ್ತಿದ್ದೆ. ಗರ್ಭಪಾತ ಮಾಡುವ ಕ್ಲಿನಿಕ್ಕು. ದಾವಣಗೆರೆಯಲ್ಲಿದ್ದ ಅಮ್ಮನಿಗೆ ಹಲ್ಲಿನ ಆಸ್ಪತ್ರೆ ಎಂದು ಸುಳ್ಳು ಹೇಳಿದ್ದೆ. ಎದುರಿನ ಫುಟ್‌ಪಾತ್‌ನಲ್ಲಿ ದಿನಾ, ಗರ್ಭಪಾತ ಎಂದರೆ ಕೊಲೆ ಎನ್ನುವ ಕೆಲವರು ನಿಂತು ಪ್ರಾರ್ಥನೆ ಮಾಡುತ್ತಿದ್ದರು. ಹೆಚ್ಚಿನವರು ಪಾಪ, ತಮ್ಮ ಪಾಡಿಗೆ ಇರುವವರು. ಕಂದು ಸ್ವೆಟರಿನ ಒಬ್ಬ ಮಾತ್ರ ಅಡ್ಡ ಬಂದು, "ರಕ್ತ ತೊಳೆಯೋಕೆ ಬಂದ್ಯಾ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದ. ನಾನು ತೊಳೆಯುತ್ತಿದ್ದದ್ದು ಕಾಫಿ ಕಪ್ಪು, ಟಾಯ್ಲೆಟ್ಟು. ಅವನ ತಲೆ!

ನಾನು ಸೇರುವ ಮೊದಲು ಅಂಥವನೇ ಒಬ್ಬ, ಅಲ್ಲಿನ ವಯಸ್ಸಾದ ಸೆಕ್ಯೂರಿಟಿ ಗಾರ್ಡನ್ನು ಹಿಂಬಾಗಿಲ ಮೆಟ್ಟಿಲ ಮೇಲೆ ಇರಿದು ಕೊಂದಿದ್ದನಂತೆ. ಆಮೇಲೆ ಗಾರ್ಡೂ ಇಲ್ಲ. ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ. ಮುಂಬಾಗಿಲ ಷಟರಿಗೆ ಮ್ಯಾನೇಜರ್ ಲಿಂಡಾ ಐದೂವರೆಗೆ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದಳು. ನನಗೆ ಉಳಿದದ್ದು ಹಿಂಬಾಗಿಲು ಒಂದೇ. ಒಳಗೆ ಯಾರೋ ಇದ್ದಾರೆಂದು ಹೊರಗೆ ಗೊತ್ತಾಗಬಾರದು ಎಂಬುದು ಅವಳ ಕಟ್ಟಪ್ಪಣೆ.

ಆದರೆ ಒರೆಸಿದ ನೆಲದ ಮೇಲೆ ಶೂ ಹಾಕಿಕೊಂಡು ಓಡಾಡುವುದು ನನ್ನ ಕೈಲಾಗದು. ಲೇಸ್ ಬಿಚ್ಚಿ, ಶೂ ಹಿಂಬಾಗಿಲ ಹೊರಗೆ ಬಿಟ್ಟು, ಸಾಕ್ಸಿನಲ್ಲೇ ಕೆಲಸ ಮಾಡುತ್ತಿದ್ದೆ. ಲಿಂಡಾ ಎರಡು ಸಲ ಬೈದಿದ್ದಳು. ನಾನು ಕೇಳಿದರೆ ತಾನೆ!

ಜುಲೈ ತಿಂಗಳು, ಅಲ್ಲಿ ಚಳಿಗಾಲ. ಆರು ಗಂಟೆಗೇ ಕಗ್ಗತ್ತಲು. ಕಾರಿಡಾರ್ ಒರೆಸುತ್ತಿದ್ದಾಗ ಹೊರಗೆ ಏನೋ ಸುರಿದ ಸದ್ದು... ಗುಳು ಗುಳು ಗುಳು... ಆಮೇಲೆ ವಾಸನೆ. ಪೆಟ್ರೋಲ್! ಬಾಗಿಲಡಿಯಿಂದ ತೆಳ್ಳಗೆ ಹರಿದು ಬಂದು ನನ್ನ ಸಾಕ್ಸ್ ಒದ್ದೆ ಮಾಡಿತು.

ಹೊರಗೆ ಒಬ್ಬ ಪಿಸುದನಿಯಲ್ಲಿ ಪ್ರಾರ್ಥಿಸುತ್ತಿದ್ದ. ಆ ದನಿ ನನಗೆ ಗೊತ್ತು... ಕಂದು ಸ್ವೆಟರು.

ಅಷ್ಟರಲ್ಲಿ ಜೇಬಿನ ಮೊಬೈಲ್ ಗುರ್ರೆಂದಿತು. ರೂಮ್‌ಮೇಟ್ ವೀಣಾ.

"ಎಲ್ಲಿದೀಯೇ? ಅನ್ನಕ್ಕಿಡ್ಲಾ?"

"ಮೆಲ್ಲಗೆ ಮಾತಾಡೇ... ಹೊರಗೆ ಯಾವನೋ ಪೆಟ್ರೋಲ್ ಸುರೀತಿದಾನೆ. ಒಳಗೆ ಸಿಕ್ಕಾಕ್ಕೊಂಡಿದೀನಿ ಕಣೇ."

"ಅಯ್ಯೋ ದೇವ್ರೇ! ಪೊಲೀಸ್‌ಗೆ ಫೋನ್ ಮಾಡು!"

"ನೀನೇ ಮಾಡೇ... ನನ್ ಬಾಯಿಗೆ ಇಂಗ್ಲಿಷೇ ಬರ್ತಿಲ್ಲ..."

ಷಟರಿಗೆ ಹೆಗಲು ಕೊಟ್ಟು ತಳ್ಳಿದೆ. ಅಲುಗಲಿಲ್ಲ. ಕೊಲೆಗಾರರು ಬಾರದಿರಲಿ ಎಂದು ಹಾಕಿದ ಕಬ್ಬಿಣ ನನ್ನನ್ನೇ ಬೋನಿಗೆ ಹಾಕಿತ್ತು. ಕೂಗಿದರೆ ಇನ್ನೂ ಬೇಗ ಹಚ್ಚಿಬಿಟ್ಟರೆ? ಯಾವ ಆಸ್ಪತ್ರೆಯಲ್ಲಿ ಸತ್ತಳೆಂದು ಅಮ್ಮನಿಗೆ ಹೇಳುತ್ತಾರೋ ಎಂದು ನೆನೆದು ಅಳು ಬಂತು.

ಚರ್ರ್... ಕಡ್ಡಿ ಗೀರಿದ ಸದ್ದು. ಹತ್ತಲಿಲ್ಲ. ಮತ್ತೆ ಚರ್ರ್...

ಆಗ ಇನ್ನೊಂದು ದನಿ ಕೇಳಿಸಿತು. ಮುದಿ ದನಿ, ತುಂಬಾ ದಣಿದದ್ದು. "ಒಳಗೆ ಹುಡುಗಿ ಇದ್ದಾಳಪ್ಪ. ಇವು ಅವಳ ಶೂ."

ಪ್ರಾರ್ಥನೆ ನಿಂತಿತು. ಯಾರೋ ಎದ್ದುಬಿದ್ದು ಓಡಿದರು. ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ಮೆಲ್ಲಗೆ... ಟಕ್, ಟಕ್.

ನಾನು ತೆರೆಯಲಿಲ್ಲ. ಬಹಳ ಹೊತ್ತು ಬಡಿದು, ಸದ್ದು ತಾನಾಗಿ ನಿಂತಿತು.

ಪೊಲೀಸರು ಬಂದರು. ಕಂದು ಸ್ವೆಟರಿನವನು ಬೀದಿಯ ಕೊನೆಯಲ್ಲೇ ನಡುಗುತ್ತಾ ಸಿಕ್ಕಿದ್ದ.

"ನಿಮ್ಮ ಗಾರ್ಡ್ ಎಲ್ಲಿ?" ಎಂದು ಪೊಲೀಸಿನವನು ಕೇಳಿದ.

"ಯಾವ ಗಾರ್ಡ್?"

"ಸಿಕ್ಕಿದವನು ಹೇಳ್ತಿದಾನೆ, ಮೆಟ್ಟಿಲ ಮೇಲೆ ಗಾರ್ಡ್ ಡ್ರೆಸ್ಸಿನ ಒಬ್ಬ ಮುದುಕ ನಿನ್ನ ಶೂ ತೊಡೆ ಮೇಲಿಟ್ಕೊಂಡು ಕೂತಿದ್ದನಂತೆ. ಅಂಗಿಯೆಲ್ಲ ರಕ್ತವಂತೆ."

ಓಡೋಡಿ ಬಂದಿದ್ದ ಲಿಂಡಾ ಅಲ್ಲೇ ನೆಲದ ಮೇಲೆ ಕುಸಿದಳು. "ಗಾರ್ಡನ್ನು ಇರಿದ ದಿನ ಅವನು ಈ ಬಾಗಿಲು ಬಡಿದ. ಒಳಗೆ ನಾನಿದ್ದೆ... ಹೆದರಿ ತೆರೆಯಲಿಲ್ಲ," ಎಂದು ಅತ್ತಳು. ಈಗ ನಾನಿದ್ದಾಗಲೂ ಯಾರೋ ಬಾಗಿಲು ಬಡಿದರು, ನಾನೂ ತೆರೆಯಲಿಲ್ಲ ಎಂದು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಮೆಟ್ಟಿಲೆಲ್ಲ ಪೆಟ್ರೋಲ್. ನನ್ನ ಶೂ ಮೇಲೆ ಒಂದು ಹನಿಯೂ ಇರಲಿಲ್ಲ. ನಾನು ಬಿಚ್ಚಿಟ್ಟಿದ್ದ ಲೇಸನ್ನು ಯಾರೋ ನೀಟಾಗಿ ಗಂಟು ಹಾಕಿದ್ದರು.

ಈಗ ಮೆಲ್ಬರ್ನ್ ಹೊರವಲಯದ ಟ್ರುಗನಿನಾದಲ್ಲಿ ಸ್ವಂತ ಮನೆ. ಆ ಶೂ ಗ್ಯಾರೇಜಿನಲ್ಲಿದೆ. "ಜಸ್ಟ್ ಥ್ರೋ ದೆಮ್ ಔಟ್, ಅಮ್ಮಾ," ಅನ್ನುತ್ತಾಳೆ ಮಗಳು. ಎಸೆಯಲು ಆಗಿಲ್ಲ, ಗಂಟೂ ಬಿಚ್ಚಿಲ್ಲ. ಚಳಿಗಾಲದ ಕೆಲವು ಸಂಜೆ ನಮ್ಮ ಹಿಂಬಾಗಿಲ ಮೇಲೂ ಮೆಲ್ಲಗೆ ಸದ್ದಾಗುತ್ತದೆ... ಟಕ್, ಟಕ್. ನನ್ನ ಜೀವ ಉಳಿಸಿದವನೇ ಇರಬಹುದು ಎಂದು ಗೊತ್ತು. ಆದರೂ ಇವತ್ತಿನವರೆಗೆ ನಾನು ತೆರೆದಿಲ್ಲ.