ಎಂಜಲಿನ ಬಟ್ಟಲಿಗೆ ಬಂಗಾರೆವ್ವನ ಕೈ

ಎದುರುಮನೆಯ ಕಾರುಗಳು ಫ್ರೀವೇ ಹಿಡಿಯುವ ಮೊದಲೇ ಮಾರ್ಗನ್ ಹಿಲ್‌ನ ಈ ಗ್ಯಾರೇಜಿನಲ್ಲಿ ದೀಪ ಉರಿಯುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಬಂಗಾರೆವ್ವ ಮರ ಕಡೆಯುವ ಲೇತಿನ ಮುಂದೆ ನಿಂತಿದ್ದಾರೆ. ಅಕ್ರೋಟ ಮರದ ತುಂಡು ಗಿರ್ರನೆ ತಿರುಗುತ್ತಿದೆ. ಹಿಡಿಕೆಗೆಂದು ಎರಡು ಬದಿಗೆ ಕಿವಿಯಂತೆ ಬಿಟ್ಟ ಮರವೂ ಜೊತೆಗೇ ತಿರುಗುತ್ತಿದೆ.

"ಈ ಕಿವಿ ತಿರುಗೂ ಮುಂದ ಕಣ್ಣಿಗೆ ಕಾಣಂಗಿಲ್ರೀ. ಮೈಮರೆತ್ರ ಬೆರಳು ಹೋತು ಅಂತ ತಿಳೀರಿ" ಎನ್ನುತ್ತಾರೆ. ಅರವತ್ತೆರಡರ ಅವರ ಹತ್ತು ಬೆರಳೂ ಕ್ಷೇಮವಾಗಿವೆ.

ಸ್ಕಾಟ್ಲೆಂಡಿನವರು ಈ ಎರಡು ಹಿಡಿಕೆಯ ಬಟ್ಟಲಿಗೆ ಕ್ವೇಖ್ ಎನ್ನುತ್ತಾರೆ. ಗೆಳೆತನದ ಬಟ್ಟಲು. ಎರಡು ಕೈಯಿಂದ ಕೊಡಬೇಕು, ಎರಡು ಕೈಯಿಂದ ತೆಗೆದುಕೊಳ್ಳಬೇಕು. ಹಾಗಿದ್ದರೆ ಯಾರ ಕೈಯೂ ಸೊಂಟದ ಕತ್ತಿಯತ್ತ ಹೋಗುವುದಿಲ್ಲ. ಒಬ್ಬರು ಗುಟುಕರಿಸಿ ಮುಂದಿನವರಿಗೆ ದಾಟಿಸುತ್ತಾರೆ.

ಇದನ್ನು ಕಡೆಯುವ ಬಂಗಾರೆವ್ವ ಕಲಘಟಗಿಯವರು. "ನಮ್ಮಪ್ಪ ತೊಟ್ಟಲಾ ಮಾಡ್ತಿದ್ದ. ಹೆಣ್ಣುಹುಡುಗಿ ಕೈಗೆ ಉಳಿ ಯಾಕ ಅಂದ್ರು ಮಂದಿ. ಅಪ್ಪ ಕಿವಿಗೆ ಹಾಕ್ಕೊಳ್ಳಲಿಲ್ಲ." ಆ ಉಳಿಗಳು ಸೀರೆಯಲ್ಲಿ ಸುತ್ತಿಕೊಂಡು ಕಡಲು ದಾಟಿ ಮಗಳು ಆರತಿಯ ಈ ಮನೆಗೆ ಬಂದಿವೆ.

ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದ ಅವರು ಒಂದು ವರ್ಷ ಕಿಟಕಿಯ ಬಳಿಯೇ ಕೂತಿದ್ದರಂತೆ. ಎಬ್ಬಿಸಿದ್ದು ಪಕ್ಕದ ಮನೆಯ, ಸ್ಕಾಟ್ಲೆಂಡ್ ಮೂಲದ ಫಿಯೋನಾ. ಒಡೆದ ಕ್ವೇಖ್ ಹಿಡಿದು ಬಂದು, ಇಂಥದ್ದು ಇನ್ನೊಂದು ಆಗುತ್ತದೆಯೇ ಎಂದು ಕೇಳಿದಳು. ಬಂಗಾರೆವ್ವ ಮುತುವರ್ಜಿಯಿಂದ ಕಡೆದರು. ಅಂಚಿಗೊಂದು ಮೂತಿಯನ್ನೂ ಇಟ್ಟರು, ತುಟಿಗೆ ತಾಗಿಸದೆ ಎತ್ತಿ ಕುಡಿಯಲಿ ಎಂದು!

ಅದೇಕೆಂದು ಗೊತ್ತಾದ ಮೇಲೆ ಫಿಯೋನಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳ ಮಾತನ್ನು ಆರತಿ ಕನ್ನಡಕ್ಕೆ ತಂದಳು: "ಅವ್ವಾ, ಎಂಜಲಾಗೋದೇ ಇದರ ಪಾಯಿಂಟು ಅಂತೆ." ಆ ಮೂತಿಯ ಬಟ್ಟಲು ಈಗ ದೇವರ ದೀಪಕ್ಕೆ ಎಣ್ಣೆ ಸುರಿಯುತ್ತಿದೆ.

ಒಂದು ಬಟ್ಟಲಿಗೆ ಎರಡು ದಿನ. ಆರು ವರ್ಷಗಳಲ್ಲಿ ಇನ್ನೂರ ಹದಿನಾಲ್ಕು ಬಟ್ಟಲು. ಒಂದೂ ಸೋರಿಲ್ಲ. ನಮ್ಮ ನಡುವಿನ ಈ ಹೆಣ್ಣುಮಗಳ ಬಗ್ಗೆ ಯಾರಿಗಾದರೂ ಹೆಮ್ಮೆಯಾಗಬೇಕು. ಆದರೆ ಪರರ ಮದುವೆ, ಕೂಟಗಳಲ್ಲಿ ಸುತ್ತುವ ಆ ಬಟ್ಟಲಿಗೆ ಬಂಗಾರೆವ್ವ ಮಾತ್ರ ತುಟಿ ತಾಗಿಸಿದ್ದಿಲ್ಲ. ಫಿಯೋನಾ ಕರೆದಾಗಲೆಲ್ಲ "ಇವತ್ತ ಉಪವಾಸ" ಎಂದುಬಿಡುತ್ತಾರೆ. ಕೂಟಗಳೆಲ್ಲ ಶನಿವಾರವೇ ಇರುವುದರಿಂದ ಉಪವಾಸಕ್ಕೂ ಅದೇ ವಾರ ಗಟ್ಟಿಯಾಗಿದೆ.

ಮುಂದಿನ ವಾರ ಫಿಯೋನಾ ಮಗನಿರುವ ಆರೆಗಾನ್‌ಗೆ ಹೊರಟುಹೋಗುತ್ತಾಳೆ. ನಾಳೆ ಶನಿವಾರ ಬೆರ್ರಿಯೆಸಾದಲ್ಲಿ ಅವಳ ಬೀಳ್ಕೊಡುಗೆ, ನಲವತ್ತು ಜನ, ಬಟ್ಟಲಲ್ಲಿ ಸೇಬಿನ ರಸ. ಕಡೆದವಳೇ ಮೊದಲು ಕುಡಿಯಬೇಕೆಂದು ಫಿಯೋನಾಳ ಹಟ. ಈ ಸಲ ತಪ್ಪಿದರೆ ಇನ್ನು ಆ ಕೈಯಿಂದ ಬಟ್ಟಲು ಬರುವುದಿಲ್ಲ.

ನಾಳೆಯೂ ಉಪವಾಸವೇ?

ಬಂಗಾರೆವ್ವ ಲೇತು ನಿಲ್ಲಿಸುತ್ತಾರೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ.

"ಇಲ್ರೀ. ಆದ್ರ ಮೊದಲನೇ ಗುಟುಕು ನಾ ಒಲ್ಲೆ. ಎಲ್ಲಾರದೂ ಆದಮ್ಯಾಗ ಕಡೀಕ ನಿನ್ನ ಕೈಯಿಂದನ ಕೊಡು ಅಂತ ಫಿಯೋನಾಗ ಹೇಳೀನಿ. ನಲವತ್ತ ಮಂದಿ ಎಂಜಲಾ ನನಗಿರಲಿ."