ಬಿಚ್ಚಿ ಹೊಲಿದ ಪ್ಯಾಂಟು

ಪ್ಯಾಂಟ್ ಮಾಸ್ಟರ್ ಅಂಗಿ ಹೊಲಿಯುತ್ತಿರಲಿಲ್ಲ. ಎರಡು ತೋಳು, ಒಂದು ಕುತ್ತಿಗೆ, ಅದರಲ್ಲೇನು ಮಹಾ ಎಂಬುದು ಅವರ ಘನ ಸಿದ್ಧಾಂತ. ಪ್ಯಾಂಟು ಹಾಗಲ್ಲ, ಅದರಲ್ಲಿ ಗಂಡಸಿನ ಗುಟ್ಟಿರುತ್ತದೆ, ಆ ಗುಟ್ಟು ಒಂದು ಕಡೆಗೆ ವಾಲಿಕೊಂಡಿರುತ್ತದೆ. ಟೇಪನ್ನು ಕೊರಳಿಗೆ ಇಳಿಬಿಟ್ಟು, ರಾಜನ ಕಿವಿಗೆ ಯುದ್ಧದ ಸುದ್ದಿ ಹಾಕುವ ಮಂತ್ರಿಯಂತೆ ಬಗ್ಗಿ, "ಎಡವೋ, ಬಲವೋ?" ಎಂದು ಪಿಸುಗುಟ್ಟುವರು. ಗಿರಾಕಿ ನಾಚಿಕೊಂಡು ಹೇಳಿದ ಕಡೆಗೆ ಅರ್ಧ ಬೆರಳು ಬಟ್ಟೆ ಜಾಸ್ತಿ. ಕೂತರೂ ಸುಖ, ಎದ್ದರೂ ಸುಖ.

ಅಂಗಡಿಯ ಹಿಂದೆಯೇ ಮನೆ. ಕಾಜಾ, ಗುಂಡಿ, ಇಸ್ತ್ರಿ ಹೆಂಡತಿಯ ಪಾಲು. ಮಧ್ಯಾಹ್ನ ಇಸ್ತ್ರಿಯ ಹಬೆ ಕೋಣೆ ತುಂಬಿದಾಗ ಮಾಸ್ಟರ್ ಮಿಷನ್ನಿನ ಮೇಲೆ ತಲೆಯಿಟ್ಟು ತೂಕಡಿಸುವರು. ಆಗ ತೂಗುಹಾಕಿದ ಪ್ಯಾಂಟುಗಳೆಲ್ಲ ಮೊಳೆಯಿಂದಿಳಿದು, ಮೇಲೆ ಯಾರೂ ಇಲ್ಲದೆ, ಮೋಡಗಳ ನಡುವೆ ವಾಕಿಂಗ್ ಹೊರಡುತ್ತಿದ್ದವು.

ಹಿಂದಿನ ವರ್ಷ ಮಾಸ್ಟರ್ ಎದೆಯೊಳಗೆ ಮಹಾಯುದ್ಧ ನಡೆದಿತ್ತು. ಶ್ವಾಸಕೋಶದ ಕ್ಯಾನ್ಸರ್. ಔಷಧಿ ಹನಿಹನಿಯಾಗಿ ಇಳಿಯಿತು, ತಲೆಗೂದಲು ಶರಣಾಯಿತು, ಕೊನೆಗೆ ಡಾಕ್ಟರಮ್ಮ "ಸದ್ಯಕ್ಕೆ ತೆಪ್ಪಗಿದೆ" ಎಂದರು. 'ಸದ್ಯಕ್ಕೆ' ಎಂಬ ಮಾತನ್ನು ಮಾಸ್ಟರ್ ಆಸ್ಪತ್ರೆಯಲ್ಲೇ ಬಿಟ್ಟುಬಂದಿದ್ದರು.

ಈಗ ಪ್ಯಾಂಟು ಬಲಗಡೆ ಬಿಗಿಯತೊಡಗಿತು. ತಾವೇ ಹೊಲಿದದ್ದು, ತಮ್ಮದೇ ಅಳತೆ! ಬಚ್ಚಲಲ್ಲಿ ಕೈಗೆ ಸಿಕ್ಕಿತು: ಬಲಬೀಜದಲ್ಲಿ ಗಟ್ಟಿ ಗಂಟು. ನೋವಿಲ್ಲ. ಬೇರೆ ಯಾರಾದರೂ ಡಾಕ್ಟರ ಹತ್ತಿರ ಓಡುತ್ತಿದ್ದರು. ಮಾಸ್ಟರ್ ಪ್ಯಾಂಟು ಬಿಚ್ಚಿ ಸಡಿಲ ಹೊಲಿದರು. ಮತ್ತೆ ಬಿಗಿಯಿತು, ಮತ್ತೆ ಬಿಚ್ಚಿದರು. ರೋಗ ಇದ್ದದ್ದು ಮಹಡಿಯಲ್ಲಿ, ಇದು ನೆಲಮನೆ. ಅಲ್ಲಿಯವನಿಗೆ ಇಲ್ಲೇನು ಕೆಲಸ? ಹೋದ ವರ್ಷವೆಲ್ಲ ಗಂಡನ ಕೆಮ್ಮು ಕಾಯುತ್ತ ಕೂತಿದ್ದ ಹೆಂಡತಿ ಈಗಷ್ಟೇ ಗೊರಕೆ ಹೊಡೆಯಲು ಶುರುಮಾಡಿದ್ದಳು. ಆ ಗೊರಕೆ ಕೆಡಿಸಲು ಅವರಿಗೆ ಮನಸ್ಸಾಗಲಿಲ್ಲ.

ಆದರೆ ಇಸ್ತ್ರಿ ಒತ್ತಿದಾಗ ಹಳೆಯ ಸೂಜಿತೂತುಗಳ ಸಾಲು ಬಟ್ಟೆಯ ಮೇಲೆ ಎದ್ದು ಕಂಡಿತು.

"ಏನ್ರೀ ಇದು? ಬಲಗಡೆ ಎರಡು ಸಲ ಬಿಚ್ಚಿದೀರಾ."

"ದಪ್ಪ ಆಗಿದೀನಿ ಕಣೇ."

"ಒಂದೇ ಕಡೆಗಾ? ಬೆಲ್ಟಿಗೆ ನೋಡಿದ್ರೆ ಹೊಸ ತೂತು ಹೊಡ್ಕೊಂಡಿದೀರಾ. ಮದುವೆ ಆದಾಗಿಂದ ನೀವು ಎಡಗಡೆಯವ್ರು. ಯಾವಾಗ ಪಕ್ಷ ಬದಲಾಯಿಸಿದ್ರಿ?"

ಮಾಸ್ಟರ್ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, ಎಲ್ಲ ಹೇಳಿದರು. ಅವಳು ಇಸ್ತ್ರಿಯ ಸ್ವಿಚ್ಚು ಆರಿಸಿ, ಚಪ್ಪಲಿ ಮೆಟ್ಟಿಕೊಂಡಳು.

"ಎಷ್ಟು ದಿನದಿಂದ?" ಡಾಕ್ಟರಮ್ಮ ಕೇಳಿದರು.

"ಎರಡು ಸಲ ಬಿಚ್ಚಿದೀನಿ, ಡಾಕ್ಟ್ರೇ."

"ಎರಡು ತಿಂಗಳು ಅಂತ ಬರ್ಕೊಳ್ಳಿ," ಎಂದಳು ಹೆಂಡತಿ.

ಆ ಬೀಜ ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ: ಅದು ಎದೆಯಲ್ಲಿದ್ದವನೇ. "ಶ್ವಾಸಕೋಶದ್ದು ವೃಷಣಕ್ಕೆ ಬರೋದು ತುಂಬಾ ಅಪರೂಪ," ಎಂದರು ಡಾಕ್ಟರಮ್ಮ.

"ಕೇಳಿದ್ಯಾ? ಅಪರೂಪವಂತೆ!" ಮಾಸ್ಟರ್ ಎದೆಯುಬ್ಬಿಸಿದರು.

"ಹೂಂ, ಕಿರೀಟ ಹೊಲ್ಕೊಳ್ಳಿ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಮತ್ತೆ ಔಷಧಿ ಹತ್ತಿಸಬೇಕು. ಪೂರ್ತಿ ವಾಸಿಯಾಗುವುದಿಲ್ಲ, ಆದಷ್ಟು ದಿನ ತಡೆಯೋಣ ಎಂದರು ಡಾಕ್ಟರಮ್ಮ.

ಮನೆಗೆ ಬಂದ ಮೇಲೊಂದು ಮಧ್ಯಾಹ್ನ, ಹಬೆಯೊಳಗೆ ಕಣ್ಣು ಬಿಟ್ಟರೆ, ಅವರ ಮೇಜಿನ ಮೇಲೆ ಹೊಸ ಬಟ್ಟೆ ಹರಡಿತ್ತು. ಯಾರೂ ಮುಟ್ಟಬಾರದ ದೊಡ್ಡ ಕತ್ತರಿ ಹೆಂಡತಿಯ ಪಕ್ಕದಲ್ಲಿತ್ತು. ಕನಸೇ ಇರಬೇಕೆಂದುಕೊಂಡು ಮಾಸ್ಟರ್ ಧೈರ್ಯವಾಗಿ ಗದರಿದರು. "ಯಾರ ಪ್ಯಾಂಟೇ ಅದು?"

"ನಿಮ್ದೇ."

"ಬಲಗಡೆ ಜಾಗ ಬಿಡ್ಬೇಡ. ಅಲ್ಲಿದ್ದೋನು ಮನೆ ಖಾಲಿ ಮಾಡ್ದ."

"ಗೊತ್ತು, ಸುಮ್ನಿರಿ."

ಆದರೆ ಸೊಂಟದ ಹಿಂದೆ, ಹೊಲಿಗೆಯ ಒಳಗೆ ಮಡಚಿಡಲು ಅವಳು ನಾಲ್ಕು ಬೆರಳು ಬಟ್ಟೆ ಬಿಟ್ಟು ಗೆರೆ ಎಳೆದಿದ್ದಳು. ಯಾವ ಗಿರಾಕಿಗೂ ಮಾಸ್ಟರ್ ಅಷ್ಟು ಬಿಟ್ಟವರಲ್ಲ.

"ಅಷ್ಟೊಂದು ಯಾಕೆ? ದಂಡ."

"ಮುಂದೆ ದಪ್ಪ ಆದಾಗ ಬಿಚ್ಚೋಕೆ ಬೇಡ್ವಾ?"

ಮಾಸ್ಟರ್ ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಆ ಗೆರೆ ಅಳಿಸಿ, ಇನ್ನೂ ಒಂದು ಬೆರಳು ಆಚೆಗೆ ಹೊಸ ಗೆರೆ ಎಳೆದರು.